ನಮ್ಮ ಹಾಜರಿಗೆ ಎರಡು ಫೋಟೊ, ಅವರ ಸಂಬಳಕ್ಕೆ ಒಂದು ಗದ್ದಲ

ಉದ್ಯೋಗ ಖಾತ್ರಿ, ಅಂದರೆ ನರೇಗಾದಲ್ಲಿ ಮಣ್ಣು ಹೊತ್ತರೆ ಕೂಲಿ ಬರುತ್ತದೆ ಎಂದು ತಿಳಿದವರು ಒಮ್ಮೆ ನಮ್ಮ ಕೆರೆಯ ಅಂಗಳಕ್ಕೆ ಬನ್ನಿ. ಹೊತ್ತರೆ ಸಾಲದು, ಹೊತ್ತದ್ದಕ್ಕೆ ಮೊಬೈಲ್ ಸಾಕ್ಷಿ ಹೇಳಬೇಕು. ಬೆಳಿಗ್ಗೆ ಗುಂಪನ್ನು ಸಾಲಾಗಿ ನಿಲ್ಲಿಸಿ ಒಂದು ಫೋಟೊ, ನಾಲ್ಕು ತಾಸು ಕಳೆದ ಮೇಲೆ ಇನ್ನೊಂದು. ಎರಡನ್ನೂ ಕೆಲಸದ ಜಾಗದಲ್ಲೇ ನಿಂತು ತೆಗೆದು ಎನ್‌ಎಂಎಂಎಸ್ ಎಂಬ ಆ್ಯಪ್‌ಗೆ ಹಾಕಬೇಕು. 2022ರ ಮೇ ತಿಂಗಳಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಡೆಗಳಲ್ಲಿ ಇದು ಕಡ್ಡಾಯವಾಯಿತು, 2023ರ ಜನವರಿ 1ರಿಂದ ವೈಯಕ್ತಿಕ ಕಾಮಗಾರಿ ಬಿಟ್ಟು ಎಲ್ಲ ಕಡೆಗೂ ಬಂತು. ದೆಹಲಿಯಲ್ಲಿ ಇದಕ್ಕೆ ಪಾರದರ್ಶಕತೆ ಎನ್ನುತ್ತಾರೆ.

ನಾನು ಕಾಯಕ ಬಂಧು. ಗುಂಪಿನ ಹಾಜರಿ ನೋಡಿಕೊಳ್ಳುವವಳು. ಊರು ಗದಗ ಜಿಲ್ಲೆಯಲ್ಲಿ, ಕಪ್ಪತಗುಡ್ಡದ ಬದಿಗೆ. ಮೊಬೈಲ್ ನನ್ನದು, ಅದಕ್ಕೆ ಹಾಕಿಸುವ ಕರೆನ್ಸಿ ನನ್ನದು, ಆ್ಯಪ್ ತೆರೆಯದಿದ್ದರೆ ಬೈಗುಳವೂ ನನ್ನದೇ. ಗುಡ್ಡದ ಬುಡದಲ್ಲಿ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಳೆದ ವಾರ ಎರಡನೆಯ ಫೋಟೊ ಏರಲೇ ಇಲ್ಲ. ಚಕ್ರ ತಿರುಗುತ್ತಲೇ ಇತ್ತು. ಎರೆಮಣ್ಣಿನ ಹೂಳು ತುಂಬಿದ ಬುಟ್ಟಿಗಳನ್ನು ಬೆಳಗಿನಿಂದ ಏರಿಯ ಮೇಲೆ ಸುರಿದ ಹೆಂಗಸರೆಲ್ಲ ಬಿಸಿಲಲ್ಲಿ ಸಾಲು ಕಟ್ಟಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಆ ದಿನದ ಹಾಜರಿ ಬೀಳಲಿಲ್ಲ. ಅಗೆದ ಗುಂಡಿ ಕಣ್ಣೆದುರೇ ಇದೆ, ಅಳತೆ ಪಟ್ಟಿ ಹಿಡಿದರೆ ಎಷ್ಟು ಘನ ಮೀಟರ್ ಎಂದು ಯಾರಾದರೂ ಹೇಳಬಹುದು. ಆದರೂ ದಾಖಲೆಯ ಪ್ರಕಾರ ಅಂದು ಅಲ್ಲಿ ಯಾರೂ ಇರಲಿಲ್ಲ. "ಅಲ್ಲವೇ ತಂಗಿ, ಗುಂಡಿ ತಾನಾಗಿಯೇ ಬಿದ್ದಿತೇ?" ಎಂದು ನಮ್ಮ ಗುಂಪಿನ ಆಯಿ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಪಂಚಾಯಿತಿಯಲ್ಲಿಯೂ ಇರಲಿಲ್ಲ.

ಇಂಥ ಸಂದರ್ಭಕ್ಕೆ ವಿನಾಯಿತಿ ಇದೆಯಂತೆ. ಜಿಲ್ಲಾ ಮಟ್ಟದ ಅಧಿಕಾರಿ ಒಪ್ಪಿದರೆ ಹಾಜರಿಯನ್ನು ಕೈಬರಹದಲ್ಲಿ ಹಾಕಬಹುದು. ಪಂಚಾಯಿತಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲೆಗೆ ಆ ಕಾಗದ ಹೋಗಿ ಬರುವಷ್ಟರಲ್ಲಿ ಎನ್‌ಎಂಆರ್, ಅಂದರೆ ಹಾಜರಿ ಪಟ್ಟಿಯ ಅವಧಿ, ಮುಗಿದಿರುತ್ತದೆ. ಒಂದು ದಿನದ ಕೂಲಿಗಾಗಿ ಎರಡು ದಿನದ ಕೂಲಿ ಬಿಟ್ಟು ಯಾರು ಅಲೆಯುತ್ತಾರೆ?

ಕಳ್ಳತನ ತಡೆಯಲು ಈ ಆ್ಯಪ್ ಎನ್ನುತ್ತಾರೆ. ಸರಿ, ಕಳ್ಳರು ಯಾರು? ಉದ್ಯೋಗ ಖಾತ್ರಿಯಲ್ಲಿ ಗುತ್ತಿಗೆದಾರ ಇರಲೇಬಾರದು ಎಂದು ಕಾನೂನು ಬರೆದಿತ್ತು. ಜನರ ಕೆಲಸ ಕಸಿಯುವ ಯಂತ್ರ ತರಬಾರದೆಂದೂ ಬರೆದಿತ್ತು. ರಾತ್ರಿ ಜೆಸಿಬಿ ಇಳಿಸಿ, ಹಗಲಲ್ಲಿ ಯಾರದೋ ಜಾಬ್ ಕಾರ್ಡ್ ಹೆಸರಿಗೆ ಬಿಲ್ಲು ಮಾಡುವವನನ್ನು ಈ ಆ್ಯಪ್ ಹಿಡಿಯಿತೇ? ಹಳೆಯ ಫೋಟೊದ ಮೇಲೆ ಮೊಬೈಲ್ ಹಿಡಿದು ಫೋಟೊ ತೆಗೆದು ಹಾಜರಿ ಹಾಕುತ್ತಿದ್ದಾರೆ ಎಂದು 2025ರ ಜುಲೈನಲ್ಲಿ ಕೇಂದ್ರ ಸಚಿವಾಲಯವೇ ಸುತ್ತೋಲೆ ಹೊರಡಿಸಿತು. ಕಳ್ಳನಿಗೆ ದಾರಿ ಸಿಕ್ಕಿತು, ಬುಟ್ಟಿ ಹೊತ್ತವಳಿಗೆ ಸಿಕ್ಕಲಿಲ್ಲ. ಇದಾದ ಮೇಲೆ ಇ-ಕೆವೈಸಿ ಬಂತು. ಆಧಾರ್‌ನಲ್ಲಿರುವ ಮುಖವೂ ಮೊಬೈಲ್ ಮುಂದೆ ನಿಂತ ಮುಖವೂ ಒಂದೇ ಎಂದು ಅದಕ್ಕೆ ಅನಿಸಬೇಕು. ಮೋತಿಬಿಂದು ಆದ ಕಣ್ಣನ್ನು ಮಿಟುಕಿಸಿ ಮಿಟುಕಿಸಿ ಆಯಿ ಸುಸ್ತಾದರು.

ಈಗ ನನಗೆ ನಿಜವಾಗಿಯೂ ಸಿಟ್ಟು ತರಿಸಿದ ಲೆಕ್ಕಕ್ಕೆ ಬರುತ್ತೇನೆ. 2025ರ ಮಾರ್ಚ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಆ ತಿಂಗಳು ಬೆಂಗಳೂರಿನ ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. ಹನಿಟ್ರ್ಯಾಪ್ ಎಂದು ಕೂಗಾಟ, ಕಾಗದ ಹರಿದು ಎಸೆದಾಟ, ಹದಿನೆಂಟು ಶಾಸಕರ ಅಮಾನತು. ಆ ಗಲಾಟೆಯ ನಡುವೆಯೇ, ಚರ್ಚೆಯಿಲ್ಲದೆ, ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಗಳದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿತು. ಅದರ ಬೆನ್ನಿಗೇ ದೆಹಲಿಯಲ್ಲಿ ಸಂಸದರ ಸಂಬಳ ಒಂದು ಲಕ್ಷದಿಂದ 1.24 ಲಕ್ಷವಾಯಿತು. ಅದೂ 2023ರ ಏಪ್ರಿಲ್‌ನಿಂದಲೇ ಪೂರ್ವಾನ್ವಯ, ಅಂದರೆ ಎರಡು ವರ್ಷದ ಬಾಕಿ ಸಮೇತ. ಅಧಿವೇಶನಕ್ಕೆ ಬಂದ ದಿನದ ಭತ್ಯೆಯೂ ಎರಡು ಸಾವಿರದಿಂದ ಎರಡೂವರೆ ಸಾವಿರಕ್ಕೆ ಹೋಯಿತು. ಅದೇ ಮಾರ್ಚ್ ಕೊನೆಗೆ ಕರ್ನಾಟಕದ ನರೇಗಾ ಕೂಲಿಯೂ ಏರಿತು, 349ರಿಂದ 370ಕ್ಕೆ. ಇಪ್ಪತ್ತೊಂದು ರೂಪಾಯಿ. ಯಾರೂ ಅದಕ್ಕೆ ಹಿಂದಿನ ವರ್ಷದ ಬಾಕಿ ಸೇರಿಸಲಿಲ್ಲ. ಬೇರೆ ಎಲ್ಲದರಲ್ಲಿಯೂ ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳು ತಮ್ಮ ಸಂಬಳದಲ್ಲಿ ಮಾತ್ರ ಹಾಲು ಸಕ್ಕರೆಯಂತೆ ಬೆರೆಯುತ್ತವೆ.

ಆ 370 ಆದರೂ ಹೊತ್ತಿಗೆ ಬರುತ್ತದೆಯೇ? ಎನ್‌ಎಂಆರ್ ಮುಗಿದು ಹದಿನೈದು ದಿನದೊಳಗೆ ಕೂಲಿ ಜಮೆಯಾಗಬೇಕು. ತಡವಾದರೆ ದಿನಕ್ಕೆ ಶೇ 0.05ರಷ್ಟು ಪರಿಹಾರ ಎಂದು ಕಾನೂನು. ಆರು ದಿನದ ಕೂಲಿ 2,220 ರೂಪಾಯಿಗೆ ಲೆಕ್ಕ ಹಾಕಿ ನೋಡಿದೆ, ದಿನಕ್ಕೆ ಒಂದು ರೂಪಾಯಿ ಹನ್ನೊಂದು ಪೈಸೆ. ಕಿರಾಣಿ ಅಂಗಡಿಯ ಉದ್ರಿಗೆ ಇದನ್ನು ತೋರಿಸಿದರೆ ಅಂಗಡಿಯವರು ನಗುತ್ತಾರೆ. ನಮ್ಮ ಗುಂಪಿನಲ್ಲಿ ಯಾರಿಗೂ ಆ ಒಂದು ರೂಪಾಯಿಯೂ ಬಂದದ್ದು ನನಗೆ ಗೊತ್ತಿಲ್ಲ.

ಇಷ್ಟಾದರೂ ಹೆಂಗಸರು ಈ ಕೆಲಸಕ್ಕೇ ಯಾಕೆ ಬರುತ್ತಾರೆ? ಇಲ್ಲಿ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ ಎಂಬುದಿಲ್ಲ. ಸಮಾನ ವೇತನದ ಕಾಯ್ದೆ 1976ರಲ್ಲೇ ಬಂದಿತ್ತು. ನಮ್ಮ ಹೊಲಗಳಿಗೆ ಅದು ಇನ್ನೂ ತಲುಪಿಲ್ಲ. ಹೆಸರುಕಾಯಿ ಬಿಡಿಸಲಿ, ಮೆಣಸಿನಕಾಯಿ ಬಿಡಿಸಲಿ, ಉಳ್ಳಾಗಡ್ಡಿ ಕೀಳಲಿ, ಹೆಣ್ಣಾಳಿನ ಕೂಲಿ ಕಡಿಮೆಯೇ. ಕೆರೆಯಲ್ಲಿ ಮಾತ್ರ ಗಂಡನಿಗೆ ಎಷ್ಟೋ ಹೆಂಡತಿಗೂ ಅಷ್ಟೇ, ಅದೂ ಅವಳ ಖಾತೆಗೆ. ದೇಶದಲ್ಲಿ ಈ ಯೋಜನೆಯ ಮಾನವ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದೇ ಆಗಿರುವುದು ಸುಮ್ಮನೆ ಅಲ್ಲ.

ಇದೇ ಕೆಲವರ ಹೊಟ್ಟೆಯುರಿ. "ಇವರಿಗೆ ಗೃಹಲಕ್ಷ್ಮಿ ಎರಡು ಸಾವಿರ, ಬಸ್ಸು ಪುಕ್ಕಟೆ, ಇನ್ನು ನಮ್ಮ ಹೊಲಕ್ಕೆ ಯಾರು ಬರುತ್ತಾರೆ" ಎಂದು ಬಸ್ಸಿನಲ್ಲಿ ನಮಗೆ ಕೇಳುವಂತೆಯೇ ಹೇಳುತ್ತಾರೆ. ಕೂಲಿ ಹೆಚ್ಚಿಸಿ ನೋಡಿ, ಬರುತ್ತೇವೆ. ಗೃಹಲಕ್ಷ್ಮಿಯ ಕಂತು ಯಾವ ತಿಂಗಳದ್ದು ಯಾವ ತಿಂಗಳಲ್ಲಿ ಬೀಳುತ್ತದೆ ಎಂಬುದನ್ನು ರಾಜ್ಯ ಸರ್ಕಾರವನ್ನೇ ಕೇಳಬೇಕು. ಹಾಗೆ ನೋಡಿದರೆ ರೈತರ ಮೇಲೂ ನನಗೆ ಪೂರ್ತಿ ಸಿಟ್ಟಿಲ್ಲ. ಉಳ್ಳಾಗಡ್ಡಿಯ ಬೆಲೆ ಬಿದ್ದ ವರ್ಷ ಅವರೂ ಎಲ್ಲಿಂದ ತಂದು ಕೊಡುತ್ತಾರೆ? ಆದರೆ ಆ ನಷ್ಟವನ್ನು ಹೆಣ್ಣಾಳಿನ ಕೂಲಿಯಲ್ಲೇ ಏಕೆ ತುಂಬಿಸಿಕೊಳ್ಳಬೇಕು?

ಆ ಬಸ್ಸಿನವರ ಮಾತು ಸಂಸತ್ತಿಗೂ ಕೇಳಿಸಿತೋ ಏನೋ. 2025ರ ಡಿಸೆಂಬರ್‌ನಲ್ಲಿ ನರೇಗಾದ ಜಾಗಕ್ಕೆ ಜಿ ರಾಮ್ ಜಿ ಎಂಬ ಹೊಸ ಕಾಯ್ದೆ ಪಾಸಾಯಿತು. ಹೆಸರಿನ ಜಗಳ ಟಿವಿಯವರಿಗೆ ಇರಲಿ. ಒಳಗೆ ಏನಿದೆ ನೋಡಿ. ಬಿತ್ತನೆ, ಕೊಯ್ಲಿನ ಕಾಲ ಎಂದು ವರ್ಷದಲ್ಲಿ ಅರವತ್ತು ದಿನಗಳವರೆಗೆ ಕೆಲಸ ನಿಲ್ಲಿಸಬಹುದು. ಅಂದರೆ ಹೊಲದಲ್ಲಿ ಆಳಿಗೆ ಬೇಡಿಕೆ ಬಂದು, ನಾವು ಬಾಯಿಬಿಟ್ಟು ಹೆಚ್ಚು ಕೂಲಿ ಕೇಳಬಹುದಾದ ದಿನಗಳಲ್ಲೇ ನಮಗೆ ಬೇರೆ ದಾರಿ ಇರಬಾರದು. ಭೂಮಿ ಇಲ್ಲದವಳು ಆ ದಿನಗಳಲ್ಲಿ ಕೊಟ್ಟಷ್ಟಕ್ಕೆ ಹೋಗಬೇಕು, ಇಲ್ಲವೇ ಗಂಡನೊಂದಿಗೆ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಬೇಕು.

ನೂರರ ಬದಲು ನೂರಿಪ್ಪತ್ತೈದು ದಿನ ಕೊಡುತ್ತೇವೆ ಎನ್ನುತ್ತಾರೆ. ಕೊಟ್ಟ ನೂರರಲ್ಲಿ ದೇಶದ ಸರಾಸರಿ ಒಂದು ಕುಟುಂಬಕ್ಕೆ ಸಿಕ್ಕಿದ್ದು ಐವತ್ತರ ಆಸುಪಾಸು. ದುಡ್ಡಿನ ಮಾತು ಬಂದರೆ, 2024-25ರ ಬಜೆಟ್‌ನಲ್ಲಿ 86 ಸಾವಿರ ಕೋಟಿ ಇಟ್ಟಿದ್ದರು, 2025-26ರಲ್ಲೂ ಅಷ್ಟೇ ಇಟ್ಟರು. ಈ ತನಕ ಕೂಲಿಯ ಹಣ ಪೂರ್ತಿ ಕೇಂದ್ರದ್ದಾಗಿತ್ತು. ಹೊಸ ಕಾಯ್ದೆಯಲ್ಲಿ ನೂರಕ್ಕೆ ನಲವತ್ತು ರಾಜ್ಯ ಕೊಡಬೇಕು. ಇನ್ನು ಮುಂದೆ ಕೂಲಿ ತಡವಾದರೆ ಬೆಂಗಳೂರು ದೆಹಲಿಯ ಕಡೆ ಕೈ ತೋರಿಸುತ್ತದೆ, ದೆಹಲಿ ಬೆಂಗಳೂರಿನ ಕಡೆ. ನಮ್ಮ ಊರಿನಿಂದ ಎರಡೂ ದೂರವೇ.

ಇದೆಲ್ಲ ರಾಜಕೀಯ, ನಿನಗೇಕೆ ಎಂದು ಮನೆಯಲ್ಲಿ ನನ್ನ ಮೈದುನ ಕೇಳಿದ. ಸೊಸಾಯಿಟಿಯ ಸಾಲ ಮನ್ನಾ ಆದಾಗ ಅದು ರಾಜಕೀಯ ಎಂದು ಅವನಿಗೆ ಅನಿಸಿರಲಿಲ್ಲ.

ಈ ಸೋಮವಾರ ಪಂಚಾಯಿತಿ ಮುಂದೆ ಕೂರುವುದೆಂದು ಗುಂಪಿನಲ್ಲಿ ತೀರ್ಮಾನವಾಗಿದೆ. ಕಳೆದುಹೋದ ಆ ದಿನದ ಅಳತೆ ಹಿಡಿದು, ವಿನಾಯಿತಿಯ ಕಾಗದವನ್ನು ಅವರೇ ಜಿಲ್ಲೆಗೆ ಕಳಿಸಬೇಕು. ಎರಡನೆಯದು, ಕೆಲಸ ಕೇಳಿ ಕೊಡುವ ನಮೂನೆ 6ಕ್ಕೆ ದಿನಾಂಕ ಹಾಕಿದ ಸ್ವೀಕೃತಿ ಕೊಡಬೇಕು. ಅದಿಲ್ಲದೆ ಹದಿನೈದು ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ ಕೇಳಲು ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ, ಅದಕ್ಕೇ ಅವರು ಕೊಡುವುದಿಲ್ಲ. ಅರ್ಜಿ ಇಟ್ಟು ಹೋಗಿ, ಆಮೇಲೆ ನೋಡೋಣ ಎನ್ನುತ್ತಾರೆಂದು ಗೊತ್ತು. ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹೋಗುತ್ತೇವೆ.