ಹನ್ನೆರಡರಲ್ಲಿ ಹತ್ತನೆಯವರು

ಮಂಡ್ಯದವರು ಬೆಳಗ್ಗೆ ಪತ್ರಿಕೆ ಬಿಡಿಸಿದ ಕೂಡಲೇ ಹುಡುಕುವುದು ಕೆಆರ್‌ಎಸ್ ಅಣೆಕಟ್ಟೆಯ ನೀರಿನ ಮಟ್ಟವನ್ನು. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂಬ ನಾಲ್ಕು ಸಾಲುಗಳನ್ನು ಓದಿದ ನಂತರವೇ ನಮಗೆ ಕಾಫಿ ರುಚಿಸುತ್ತದೆ. 2023ರ ಸೆಪ್ಟೆಂಬರಿನಿಂದ ಮರುವರ್ಷದ ಏಪ್ರಿಲ್‌ವರೆಗೆ ನನ್ನ ಪಾಲಿಗೆ ಇದರೊಡನೆ ಇಂಡಿಯನ್ ಸೂಪರ್ ಲೀಗ್ ಎಂಬ ಫುಟ್‌ಬಾಲ್ ಪಂದ್ಯಾವಳಿಯ ಅಂಕಪಟ್ಟಿಯೂ ಸೇರಿಕೊಂಡಿತ್ತು. ಅಣೆಕಟ್ಟೆಯ ನೀರು ನೂರು ಅಡಿಗಿಂತ ಕೆಳಗಿಳಿದಿದ್ದಕ್ಕೆ ಮಳೆ ಕೈಕೊಟ್ಟಿತೆಂಬ ಕಾರಣವಾದರೂ ಇತ್ತು. ಬೆಂಗಳೂರು ಎಫ್‌ಸಿ ತಂಡ ಹನ್ನೆರಡರಲ್ಲಿ ಹತ್ತನೆಯ ಸ್ಥಾನಕ್ಕೆ ಇಳಿದಿದ್ದಕ್ಕೆ ಅಂಥ ನೆಪವೂ ಇರಲಿಲ್ಲ.

ಈ ತಂಡ ಅಭಿಮಾನಿಗಳನ್ನು ಮೊದಲೇ ಕೆಡಿಸಿಟ್ಟಿತ್ತು. 2013ರಲ್ಲಿ ಹುಟ್ಟಿ, ಆಡಿದ ಮೊದಲ ವರ್ಷವೇ ಐ-ಲೀಗ್ ಎಂಬ ರಾಷ್ಟ್ರೀಯ ಲೀಗನ್ನು ಗೆದ್ದು, 2016ರಲ್ಲಿ ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್ಪಿನ ಫೈನಲ್‌ವರೆಗೆ ಹೋಗಿ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ತಂಡವನ್ನು ಹೆಚ್ಚುವರಿ ಸಮಯದ ಒಂದೇ ಗೋಲಿನಿಂದ ಮಣಿಸಿ ಸೂಪರ್ ಲೀಗ್ ಕಪ್ಪನ್ನೂ ತಂದಿತು. ಕಲಿಯಲೆಂದು ಬೆಂಗಳೂರಿಗೆ ಹೋಗಿದ್ದ ನಾನು ಗೆಲುವೆನ್ನುವುದು ಟಿಕೆಟ್ಟಿನ ಜೊತೆಗೇ ಬರುತ್ತದೆಂದು ನಂಬಿ, ಓದು ಮುಗಿಸಿ ಮಂಡ್ಯಕ್ಕೆ ಮರಳುವಾಗ ಒಂದು ನೀಲಿ ಜೆರ್ಸಿಯನ್ನೂ ಆ ನಂಬಿಕೆಯನ್ನೂ ಹೊತ್ತು ತಂದೆ. ಆದರೆ ಫುಟ್‌ಬಾಲ್ ತಂಡವೊಂದು ಸೋತಿದೆ ಎಂದು ಹೇಳಿಕೊಂಡು ದುಃಖಿಸಲು ಮಂಡ್ಯದಲ್ಲಿ ಜೊತೆಗಾರರು ಸಿಗುವುದಿಲ್ಲ. ಯಾರಿಗಾದರೂ ಹೇಳಿಕೊಳ್ಳಬೇಕೆಂದರೆ ಆಫ್‌ಸೈಡ್ ಎಂದರೇನು ಎಂಬಲ್ಲಿಂದ ಆರಂಭಿಸಬೇಕು, ಅದು ಮುಗಿಯುವ ಹೊತ್ತಿಗೆ ದುಃಖವೇ ಆರಿಹೋಗಿರುತ್ತದೆ.

ಆ ಋತು ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ, ಕೇರಳ ಬ್ಲಾಸ್ಟರ್ಸ್ ಎದುರಿನ ಸೋಲಿನೊಂದಿಗೆ ಆರಂಭವಾಯಿತು. ನಾವು ಬಿಟ್ಟುಕೊಟ್ಟ ಎರಡು ಗೋಲುಗಳಲ್ಲಿ ಒಂದನ್ನು ನಮ್ಮವರೇ ನಮ್ಮ ಬಲೆಗೆ ತಳ್ಳಿದ್ದರು, ಇನ್ನೊಂದು ನಮ್ಮ ಗೋಲ್‌ಕೀಪರರ ಕಾಲಿನಿಂದ ಚೆಂಡು ಜಾರಿದ್ದರ ಫಲ. ಎದುರಾಳಿಗಳಿಗೆ ಇಷ್ಟೊಂದು ಉಪಕಾರ ಮಾಡುವ ತಂಡ ಬೇರೆ ಇರಲಾರದು. ಎರಡು ದಿನ ಕಳೆದು ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆಯಿತು. ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಮುಖ ಬಾಡಿಸಿಕೊಂಡು ಕುಳಿತಿದ್ದ ನನ್ನನ್ನು ಕಂಡ ಪಕ್ಕದ ಬೀದಿಯ ಹಿರಿಯರೊಬ್ಬರು ಹತ್ತಿರ ಬಂದು, ಹೆಗಲ ಮೇಲೆ ಕೈಯಿಟ್ಟು, "ಬೇಜಾರ್ ಮಾಡ್ಕಬೇಡ ಕಣಪ್ಪ, ನೀರು ನಿಲ್ಲಿಸ್ಲೇಬೇಕು, ಬುಡಕಿಲ್ಲ" ಎಂದರು. ಈ ವಯಸ್ಸಿನ ಹುಡುಗರಿಗೂ ರೈತರ ಬಗ್ಗೆ ಇಷ್ಟೊಂದು ಕಾಳಜಿಯಿದೆಯಲ್ಲ ಎಂದು ಜೊತೆಯಲ್ಲಿದ್ದವರಿಗೂ ಹೇಳಿದರು. ಅಂಥ ಹೊಗಳಿಕೆಯನ್ನು ತಿದ್ದುವುದು ಸಭ್ಯತೆಯಲ್ಲವೆಂದು ನಾನು ಸುಮ್ಮನಾದೆ.

ಆಟಗಾರರ ವಲಸೆಯ ಕಥೆ ಬೇಡ. ನಾವು ಬೀಳ್ಕೊಟ್ಟ ರಾಯ್ ಕೃಷ್ಣ ಒಡಿಶಾ ತಂಡಕ್ಕೆ ಹೋಗಿ ಆ ಋತುವಿನಲ್ಲಿ 13 ಗೋಲು ಹೊಡೆದರು ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಡಿಸೆಂಬರ್ 8ರ ಶುಕ್ರವಾರ ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ಮುಂಬೈ ಸಿಟಿ ತಂಡ ನಮ್ಮ ಕಣ್ಣೆದುರೇ ನಾಲ್ಕು ಗೋಲು ಹೊಡೆಯಿತು, ನಮ್ಮದು ಸೊನ್ನೆ. ಕಬ್ಬನ್ ಪಾರ್ಕ್‌ನಲ್ಲಿ ಮೆಟ್ರೊ ಹತ್ತಿ ಕೆಂಗೇರಿಯಲ್ಲಿಳಿದು, ಕೈಗೆ ಸಿಕ್ಕ ಮೈಸೂರು ಬಸ್ಸಿನಲ್ಲಿ ಕುಳಿತು ಮಂಡ್ಯಕ್ಕೆ ಟಿಕೆಟ್ ಕೇಳಿದರೆ, ನಿರ್ವಾಹಕರು "ಊರೊಳಕ್ಕೋಗಲ್ಲ ಸಾರ್, ಬೈಪಾಸ್‌ನಲ್ಲೇ ಇಳ್ಕಬೇಕು" ಎಂದು ನಿರ್ವಿಕಾರವಾಗಿ ನುಡಿದರು. ದಶಪಥ ಬಂದ ಮೇಲೆ ಬೆಂಗಳೂರು ಮಂಡ್ಯಕ್ಕೆ ಬಹಳ ಹತ್ತಿರವಾಗಿದೆ, ಮಂಡ್ಯವೇ ಮಂಡ್ಯದಿಂದ ಸ್ವಲ್ಪ ದೂರವಾಗಿದೆ. ನಡುರಾತ್ರಿಯಲ್ಲಿ ಸರ್ವಿಸ್ ರಸ್ತೆಯ ಮೇಲೆ ಇಳಿದು, ಕಬ್ಬಿನ ಗದ್ದೆಗಳ ಪಕ್ಕ ಮೊಬೈಲಿನ ಬೆಳಕು ಹಿಡಿದು ನಡೆಯತೊಡಗಿದಾಗ, ಗದ್ದೆಯ ಬದುವಿನಿಂದ ಟಾರ್ಚಿನ ಬೆಳಕೊಂದು ನೇರವಾಗಿ ನನ್ನ ಮುಖದ ಮೇಲೆ ಬಿತ್ತು. ತ್ರೀ ಫೇಸ್ ಕರೆಂಟು ರಾತ್ರಿ ಕೊಡುತ್ತಾರೆಂದು ಪಂಪ್‌ಸೆಟ್ ಹಾಕಿ, ತಲೆಗೆ ಟವಲ್ ಸುತ್ತಿ, ಮೊಣಕಾಲವರೆಗೆ ಪಂಚೆ ಎತ್ತಿ ಕಟ್ಟಿ, ಗುದ್ದಲಿಯಿಂದ ನೀರು ತಿರುಗಿಸುತ್ತಿದ್ದ ರೈತರೊಬ್ಬರು ನಿಂತಿದ್ದರು.

"ಯಾರಪ್ಪಾ ಅದು, ಈ ಹೊತ್ನಲ್ಲಿ?"

"ಬೆಂಗಳೂರಲ್ಲಿ ಮ್ಯಾಚ್ ನೋಡ್ಕೊಂಡು ಬರ್ತಿದೀನಿ ಗೌಡ್ರೆ."

"ಗೆದ್ರಾ?"

"ಇಲ್ಲ, ನಾಲ್ಕು ಸೊನ್ನೆ."

ಅವರು ಕ್ಷಣಕಾಲ ಯೋಚಿಸಿ, "ನಾಕ್ ಜನ ಸೊನ್ನೆಗೆ ಔಟಾದ್ರೆ ಇನ್ನೆಲ್ ಗೆದ್ದಾರು ಬುಡು" ಎಂದು ಸಮಾಧಾನ ಹೇಳಿ, ಮುಂದಿನ ತಿರುವಿನಲ್ಲಿ ನಾಯಿಗಳಿವೆಯೆಂದು ಎಚ್ಚರಿಸಿ, ಬದುವಿನಿಂದ ಒಂದು ಕೋಲನ್ನೂ ಕೊಟ್ಟು ಕಳಿಸಿದರು. ಆ ಋತುವಿನಲ್ಲಿ ನನಗೆ ಸಿಕ್ಕ ಅತ್ಯುತ್ತಮ ರಕ್ಷಣೆ ಆ ಕೋಲಿನದು. ನಮ್ಮ ತಂಡದ ರಕ್ಷಣಾ ಆಟಗಾರರಿಂದ ಅಷ್ಟನ್ನು ನಿರೀಕ್ಷಿಸುವಂತಿರಲಿಲ್ಲ.

ಮರುದಿನ ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ತಂಡ ಬೀಳ್ಕೊಟ್ಟಿತು. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ನಮ್ಮ ತಂದೆ ಫುಟ್‌ಬಾಲ್ ಸುದ್ದಿಗೆ ಕಿವಿಗೊಟ್ಟಿದ್ದು ಅದೇ ಮೊದಲು. "ಆಡಿದೋರು ಹುಡುಗರು, ಮನೆಗೆ ಹೋಗಿದ್ದು ಮೇಷ್ಟ್ರಾ?" ಎಂದು ಕೇಳಿ, ಈ ಪದ್ಧತಿ ಶಿಕ್ಷಣ ಇಲಾಖೆಗೆ ಬಂದಿದ್ದರೆ ತಮ್ಮ ಸಹೋದ್ಯೋಗಿಗಳಲ್ಲಿ ಯಾರು ಯಾರು ಯಾವ ವರ್ಷ ಮನೆಯಲ್ಲಿರುತ್ತಿದ್ದರೆಂದು ತಿಂಡಿ ಮುಗಿಯುವವರೆಗೂ ಲೆಕ್ಕ ಹಾಕಿದರು. ತಮ್ಮನ್ನು ಆ ಲೆಕ್ಕದಿಂದ ಹೊರಗಿಟ್ಟಿದ್ದರು. ಅಂದಿನಿಂದ ಅವರಿಗೆ ಅಂಕಪಟ್ಟಿಯ ಮೇಲೊಂದು ಕಣ್ಣು.

2024ರ ಮಾರ್ಚ್ 17ರ ರಾತ್ರಿ ಬೀದಿಯಲ್ಲಿ ಪಟಾಕಿ ಸಿಡಿಯಿತು. ನಾವು ಕಪ್ ಗೆದ್ದು ಸರಿಯಾಗಿ ಐದು ವರ್ಷವಾಗಿತ್ತು, ಆದರೆ ಪಟಾಕಿ ಅದಕ್ಕಲ್ಲ. ರಾಯಲ್ ಚಾಲೆಂಜರ್ಸ್ ಮಹಿಳಾ ತಂಡ ದೆಹಲಿಯನ್ನು ಸೋಲಿಸಿ ಮಹಿಳಾ ಪ್ರೀಮಿಯರ್ ಲೀಗ್ ಗೆದ್ದಿತ್ತು. ನನಗೂ ಸಂತೋಷವೇ. ಆದರೆ ಎದುರು ಮನೆಯ ಅತ್ತೆ ಮೈಸೂರು ಪಾಕಿನ ತಟ್ಟೆ ಹಿಡಿದು ಬಂದು, "ಅಂತೂ ನಿನ್ ಬೆಂಗಳೂರು ಗೆಲ್ತಲ್ಲಪ್ಪಾ, ಇನ್ಮೇಲಾದ್ರೂ ಮಖ ಗಂಟಾಕ್ಕೊಂಡು ತಿರುಗ್ಬೇಡ" ಎಂದಾಗ ಏನು ಹೇಳಬೇಕೆಂದು ತೋಚಲಿಲ್ಲ. ಅದು ಬೇರೆ ಬೆಂಗಳೂರು ಎಂದರೆ, ಬೆಂಗಳೂರು ಎಷ್ಟಿವೆ ಎಂದು ಕೇಳುವವರು ಅವರು. ಮೈಸೂರು ಪಾಕು ಮಾತ್ರ ಹದವಾಗಿತ್ತು, ಎರಡು ತುಂಡು ತಿಂದೆ.

ಯುಗಾದಿ ಕಳೆದು, ಹೊಸತೊಡಕಿನ ಮಟನ್ ಸಾರಿನ ಘಮ ಇನ್ನೂ ಅಡುಗೆಮನೆಯಲ್ಲಿರುವಾಗಲೇ, ಏಪ್ರಿಲ್ 11ರಂದು ಮೋಹನ್ ಬಾಗಾನ್ ತಂಡ ಅದೇ ಕಂಠೀರವದಲ್ಲಿ ಮತ್ತೆ ನಾಲ್ಕು ಗೋಲು ಹೊಡೆದು ನಮ್ಮ ಋತುವನ್ನು ಮುಗಿಸಿತು. ಈ ಸಲ ನಾನು ಮನೆಯಲ್ಲೇ ಇದ್ದೆ, ಬೈಪಾಸಿನ ಪ್ರಶ್ನೆ ಬರಲಿಲ್ಲ. ತಂದೆಯವರು ಅಂಕಪಟ್ಟಿಯನ್ನು ತರಿಸಿಕೊಂಡು, ಕನ್ನಡಕ ಸರಿಪಡಿಸಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದರು. 22 ಪಂದ್ಯ, ಪಂದ್ಯಕ್ಕೆ ಮೂರರಂತೆ ಗರಿಷ್ಠ 66 ಅಂಕ, ಗಳಿಸಿದ್ದು 22.

"ಮೂವತ್ಮೂರು ಪರ್ಸೆಂಟು. ಪಾಸಾಗೋಕೆ ಮೂವತ್ತೈದು ಬೇಕು. ಇನ್ನೆರಡು ಅಂಕ ಬಂದಿದ್ರೆ ದಾಟ್ಕೊಳ್ತಿದ್ರು."

ನಮಗಿಂತ ಕೆಳಗೆ ಜಮ್ಶೆಡ್‌ಪುರವೂ ಹೈದರಾಬಾದೂ ಇವೆಯೆಂದು ನಾನು ಸಮಜಾಯಿಷಿ ನೀಡಿದೆ. ಜಮ್ಶೆಡ್‌ಪುರಕ್ಕೆ 21 ಅಂಕಗಳಿರುವುದನ್ನು ಬೆರಳಿಟ್ಟು ತೋರಿಸಿದ ಅವರು, ಪಕ್ಕದ ಬೆಂಚಿನವನೂ ಫೇಲಾಗಿದ್ದಾನೆಂಬುದು ಉತ್ತರವಲ್ಲ ಎಂದರು. ಹಾಗಾದರೆ ಫೇಲಾದವರನ್ನು ಏನು ಮಾಡುತ್ತಾರೆ ಎಂಬುದು ಅವರ ಮುಂದಿನ ಪ್ರಶ್ನೆಯಾಗಿತ್ತು. ಈ ಲೀಗಿನಿಂದ ಯಾರನ್ನೂ ಕೆಳಗಿಳಿಸುವುದಿಲ್ಲ, ಎಲ್ಲರೂ ಮುಂದಿನ ವರ್ಷ ಇಲ್ಲಿಯೇ ಆಡುತ್ತಾರೆ ಎಂದು ವಿವರಿಸಿದೆ.

ಪೆನ್ನಿನ ಮುಚ್ಚಳ ಹಾಕಿದ ತಂದೆ, "ಎಂಟನೇ ಕ್ಲಾಸಿನವರೆಗೂ ಯಾರನ್ನೂ ಫೇಲ್ ಮಾಡ್ಬಾರ್ದು ಅಂತ ಕಾನೂನು ತಂದಾಗ್ಲೇ ನಾನು ಹೇಳಿದ್ದೆ, ಇದು ಇಲ್ಲಿಗೇ ನಿಲ್ಲಲ್ಲ ಅಂತ" ಎಂದು ಎದ್ದು, ಮುಂದಿನ ಋತು ಯಾವ ತಿಂಗಳು ಶುರುವಾಗುತ್ತದೆಂದು ಕೇಳಿ, ಕ್ಯಾಲೆಂಡರನ್ನು ಮೊಳೆಗೆ ನೇತುಹಾಕಿದರು.