ಸುಬ್ಬರಾಯನ ಉಪವಾಸ

ನವೆಂಬರ್ ಬಂತೆಂದರೆ ಬಾಲ್ ಪೈತಾನ್ ಎಂಬ ಪುಟ್ಟ ಹೆಬ್ಬಾವನ್ನು ಸಾಕಲು ತಂದುಕೊಂಡ ಅಮೆರಿಕದ ಕನ್ನಡದ ಮನೆಗಳಿಂದ ಒಂದೇ ಫೋನು, ಅದೂ ರಾತ್ರಿ ಹತ್ತೂವರೆಯ ಮೇಲೆ. "ನಮ್ಮ ಹಾವು ಊಟ ಬಿಟ್ಟಿದೆ ಕಣ್ರೀ." ಎಷ್ಟು ದಿನವಾಯಿತು ಅಂದರೆ ಗಂಟಲು ಕಟ್ಟಿದ ದನಿಯಲ್ಲಿ "ಒಂಬತ್ತು ದಿನ" ಅನ್ನುತ್ತಾರೆ. ಒಂಬತ್ತು ದಿನ! ಆ ಪ್ರಾಣಿಯ ಲೆಕ್ಕದಲ್ಲಿ ಅದು ನಮ್ಮ ತಿಂಡಿಗೂ ಊಟಕ್ಕೂ ನಡುವಿನ ಹೊತ್ತು. ಪೆಟ್ಟಿಗೆಯೊಳಗೆ ಬಿಸಿ ಎಷ್ಟಿದೆ ಎಂದು ಕೇಳಿ, "ನಾರ್ಮಲ್" ಅಂತ ಬರುತ್ತದೆ. ತೇವ? "ಅದೂ ನಾರ್ಮಲ್." ಈ ವಾರ ಎಷ್ಟು ಸಲ ಕೈಗೆ ಎತ್ತಿಕೊಂಡಿರಿ? ಈಗ ಮೌನ. ಆಮೇಲೆ, "ಅಲ್ಲ, ಶನಿವಾರ ಮಕ್ಕಳ ಫ್ರೆಂಡ್ಸ್ ಬಂದಿದ್ರು, ಭಾನುವಾರ ಸತ್ಯನಾರಾಯಣ ಪೂಜೆಗೆ ಜನ ಬಂದಿದ್ರು..."

ಪೂಜೆಗೆ ಬಂದವರಿಗೆ ಪ್ರಸಾದ ಕೊಡಬೇಕು, ಹಾವು ಯಾಕೆ ಕೊಡುತ್ತೀರಿ?

ನಮ್ಮವರ ಕಷ್ಟ ಏನೆಂದರೆ, ಯಾರನ್ನು ಕಂಡರೂ ನಾವು ಮೊದಲು ಕೇಳುವುದು "ಊಟ ಆಯ್ತಾ?" ಎದುರಿಗಿರುವವರು "ಇಲ್ಲ" ಎಂದರೆ ಮುಂದಿನ ಮಾತು ನಮಗೆ ಗೊತ್ತಿಲ್ಲ. ಅಂಥವರ ಮನೆಗೆ ಬಂದು ಸೇರುವುದು ವರ್ಷದಲ್ಲಿ ನಾಲ್ಕೈದು ತಿಂಗಳು "ಇಲ್ಲ" ಎಂದೇ ಕೂರಬಲ್ಲ ಪ್ರಾಣಿ. ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ಕಡೆಯದು. ಇಲಿಯ ಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಹಗಲೆಲ್ಲ ಮಲಗಿದ್ದು, ಕತ್ತಲಾದ ಮೇಲೆ ಏಳುತ್ತದೆ. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿ ಚೆಂಡಾಗುತ್ತದೆ, ಹೆಸರು ಬಂದದ್ದೂ ಅದರಿಂದಲೇ. ಮಗು ಅದನ್ನು "ಮುದ್ದು ಮಾಡ್ತಿದೆ" ಅಂದುಕೊಂಡು ಫೋಟೋ ತೆಗೆಸಿಕೊಳ್ಳುತ್ತದೆ. ಚೆಂಡಾದ ಹಾವು ಮುದ್ದು ಮಾಡುತ್ತಿಲ್ಲ ಸ್ವಾಮಿ, ನೀವು ಯಾವಾಗ ಹೋಗುತ್ತೀರಿ ಎಂದು ಕಾಯುತ್ತಿದೆ.

ಅಂಗಡಿಯವನು "ಹೊಸಬರಿಗೆ ಪೂರ್ತಿ ಸೆಟ್" ಎಂದು ಕೊಟ್ಟು ಕಳಿಸುವ ಡಬ್ಬಿಯಲ್ಲಿ ಇರುವುದು ಒಂದು ಗಾಜಿನ ತೊಟ್ಟಿ, ಜಾಲರಿ ಮುಚ್ಚಳ, ಕೆಂಪು ಬಲ್ಬು, ಗಾಜಿಗೆ ಅಂಟಿಸುವ ಮುಳ್ಳಿನ ಮೀಟರು, ಅರ್ಧ ಸೀಳಿದ ಮರದ ತುಂಡು. ಇದರಲ್ಲಿ ಹಾವಿಗೆ ಬೇಕಾದದ್ದು ಹೆಚ್ಚುಕಡಿಮೆ ಏನೂ ಇಲ್ಲ. ಜಾಲರಿಯಿಂದ ತೇವವೆಲ್ಲ ಹಾರಿಹೋಗುತ್ತದೆ. ಮುಳ್ಳಿನ ಮೀಟರು ತನಗೆ ತೋಚಿದ್ದನ್ನು ತೋರಿಸುತ್ತದೆ. ಆ ಮರದ ತುಂಡಿಗೆ ಎರಡೂ ಕಡೆ ಬಾಗಿಲು. ಅದರಡಿ ಮಲಗುವುದೂ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಮಲಗುವುದೂ ಒಂದೇ.

ಬೇಕಾದದ್ದು ಇಷ್ಟು. ದೊಡ್ಡ ಹಾವಿಗೆ ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಪೆಟ್ಟಿಗೆ, ಪಿವಿಸಿಯದಾದರೆ ಒಳ್ಳೆಯದು. ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಂಪು: ಬೆಚ್ಚನೆ ಕಡೆ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಕಡೆ 25-26. ಎರಡೂ ತುದಿಗೆ ಒಂದೊಂದು ಬಿಲ, ಒಂದೇ ಬಾಗಿಲಿನದು, ಸುತ್ತಿ ಮಲಗಿದರೆ ಮೈ ನಾಲ್ಕೂ ಕಡೆ ತಾಗುವಷ್ಟು ಇಕ್ಕಟ್ಟು. ಬಿಲ ಒಂದೇ ಇದ್ದರೆ ಬಿಸಿ ಬೇಕೋ ಭದ್ರತೆ ಬೇಕೋ ಎಂದು ಹಾವು ಆರಿಸಿಕೊಳ್ಳಬೇಕು. ಅದು ಭದ್ರತೆಯನ್ನೇ ಆರಿಸಿಕೊಂಡು, ತಣ್ಣಗೆ ಕೂತು, ಊಟ ಬಿಡುತ್ತದೆ. ಆಮೇಲೆ ನೀವು ಹತ್ತೂವರೆಗೆ ಫೋನ್ ಮಾಡುತ್ತೀರಿ.

ಕಾವು ಹದ ಮೀರದಂತೆ ತಡೆಯುವ ಥರ್ಮೋಸ್ಟಾಟ್ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಅದಿಲ್ಲದೆ ಪೆಟ್ಟಿಗೆಯ ತಳದಡಿ ಹೀಟ್ ಮ್ಯಾಟ್ ಹಾಕಿದರೆ 50 ಡಿಗ್ರಿ ದಾಟಬಲ್ಲದು, ಹಾವಿನ ಹೊಟ್ಟೆ ದೋಸೆಯಾಗುತ್ತದೆ. ಇದ್ದರೂ ಅದರ ಪ್ರೋಬ್, ಅಂದರೆ ಬಿಸಿ ಅಳೆಯುವ ತಂತಿಯ ತುದಿ, ಎಲ್ಲಿದೆ ನೋಡಬೇಕು. ಹಾವು ರಾತ್ರಿಯೆಲ್ಲ ಮೂತಿಯಿಂದ ಗುದ್ದುತ್ತಾ ಓಡಾಡುವ ಜೀವಿ. ಪ್ರೋಬ್ ಜಾರಿ ನೀರಿನ ಬಟ್ಟಲಿಗೆ ಬಿತ್ತೆಂದರೆ ಥರ್ಮೋಸ್ಟಾಟ್ "ಅಯ್ಯೋ ಚಳಿ" ಎಂದುಕೊಂಡು ಮ್ಯಾಟನ್ನು ಕಾಯಿಸುತ್ತಲೇ ಇರುತ್ತದೆ. ಹಾಗಂತ ಒಳಗೆ ಸೆಲ್ಲೋಟೇಪ್ ಅಂಟಿಸಬೇಡಿ, ಹಾವೇ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಚರ್ಮ ಬರುತ್ತದೆ. ಮ್ಯಾಟಿಗೂ ತಳಕ್ಕೂ ನಡುವೆ ಹೊರಗಡೆಯಿಂದ ಸಿಕ್ಕಿಸಿದರೆ ಮುಗಿಯಿತು. ಕೆಂಪು ಬಲ್ಬನ್ನು ಅಂಗಡಿಯವನಿಗೇ ವಾಪಸ್ ಕೊಡಿ. ರಾತ್ರಿ ಕಾವು ಬೇಕಾದರೆ ಬೆಳಕಿಲ್ಲದ ಸೆರಾಮಿಕ್ ಹೀಟರ್ ಸಿಗುತ್ತದೆ.

ನೆಲಕ್ಕೆ ಹಾಸಲು ತೆಂಗಿನ ನಾರಿನ ಪುಡಿ. ತಿಪಟೂರು ಕಡೆ ಸಿಪ್ಪೆಯ ಗುಡ್ಡೆ ರಸ್ತೆ ಪಕ್ಕ ಬಿದ್ದಿರುವುದನ್ನು ನೋಡಿ ಬೆಳೆದವರು ಡಲ್ಲಾಸಿನಲ್ಲಿ ಅದರ 650 ಗ್ರಾಂ ಇಟ್ಟಿಗೆಗೆ ಡಾಲರ್ ಎಣಿಸುವಾಗ ಮುಖ ನೋಡಬೇಕು. ನಾಲ್ಕು ಲೀಟರ್ ಬೆಚ್ಚನೆ ನೀರು ಹಾಕಿದರೆ ಇಟ್ಟಿಗೆ ಅರಳುತ್ತದೆ. ಹದ ತಂಬಿಟ್ಟಿನದು: ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ಕಟ್ಟಬೇಕು, ನೀರು ಇಳಿಯಬಾರದು.

ಇನ್ನು ಫ್ರೀಜರ್. ಹಾವಿಗೆ ಹಾಕುವುದು ಸತ್ತು ಹೆಪ್ಪುಗಟ್ಟಿದ ಇಲಿ. ಜೀವಂತ ಇಲಿ ಬಿಟ್ಟರೆ ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯ ಮಾಡುತ್ತದೆ. ಈಗ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆ ಎಂದುಕೊಳ್ಳಿ. ಫ್ರೀಜರಿನಲ್ಲಿ ತೆಂಗಿನ ತುರಿ, ಹಿತಕಿದ ಅವರೆಕಾಳು, ಊರಿಂದ ತಂದ ಹುಳಿಪುಡಿ, ಅದರ ಪಕ್ಕ ಜಿಪ್ ಕವರಿನಲ್ಲಿ ಗಣಪನ ವಾಹನ ಹನ್ನೆರಡು. ಬೇರೆ ಪುಟ್ಟ ಫ್ರೀಜರ್ ಕೊಂಡು ಗ್ಯಾರೇಜಿನಲ್ಲಿಡಿ, ಮನೆ ಉಳಿಯುತ್ತದೆ. ಹೊಟ್ಟೆಗೆ ಹಾವು ಸುತ್ತಿಕೊಂಡು ಕಾಲಡಿ ಇಲಿಯನ್ನೂ ಇಟ್ಟುಕೊಂಡು ಎರಡನ್ನೂ ಜಗಳವಿಲ್ಲದೆ ಸಂಭಾಳಿಸಿದವನು ಆ ಗಣಪತಿಯೊಬ್ಬನೇ.

ಅಂಥದೊಂದು ಮನೆಗೆ ದಸರಾ ಮುಗಿಸಿಕೊಂಡು ಆರು ತಿಂಗಳಿಗೆಂದು ಮೈಸೂರಿನ ಅಜ್ಜಿ ಬಂದಿಳಿದರು. ಮೊಮ್ಮಗ ಹಾವಿಗೆ ನೂಡಲ್ ಎಂದು ಹೆಸರಿಟ್ಟಿದ್ದ. ಅಜ್ಜಿ ಬಂದ ದಿನವೇ ಅದು ಸುಬ್ಬರಾಯನಾಯಿತು. ರಾತ್ರಿ ಹೊತ್ತು ಅದೂ ಅಲ್ಲ, ಬರೀ "ಹುಳ". ಕತ್ತಲಲ್ಲಿ ಹೆಸರು ಹಿಡಿದು ಕರೆಯಬಾರದಂತೆ. ಅಜ್ಜಿಗೆ ಹೆದರಿಕೆ ಒಂದಿಷ್ಟೂ ಇರಲಿಲ್ಲ. ಬೆನಿನ್ ದೇಶದ ವಿದಾ ಎಂಬ ಊರಿನಲ್ಲಿ ಇದೇ ಹಾವಿಗೆ ದೇವಸ್ಥಾನವಿದೆ, ರಾತ್ರಿ ಹೊರಗೆ ಬಿಡುತ್ತಾರೆ, ಯಾರ ಮನೆಗಾದರೂ ನುಗ್ಗಿದರೆ ಮನೆಯವರು ಜೋಪಾನವಾಗಿ ತಂದೊಪ್ಪಿಸುತ್ತಾರೆ ಎಂದು ಹೇಳಿದರೆ, "ಮತ್ತೆ? ಒಪ್ಪಿಸದೆ ಏನು ಮಾಡ್ತಾರೆ?" ಅಂದರು.

ಅಜ್ಜಿಯ ತಕರಾರು ಒಂದೇ. ಹುಡುಗ ಊಟ ಮಾಡುತ್ತಿಲ್ಲ.

ಮೂರು ವರ್ಷದ ಗಂಡು ಹಾವು, ಒಂಬೈನೂರು ಗ್ರಾಂ, ತಂಪು ಕಾಲ. ಇಂಥವು ಊಟ ಬಿಡದಿದ್ದರೇ ಸೋಜಿಗ. ಇದನ್ನು ಅಜ್ಜಿಗೆ ಹೇಳಿದಾಗ ಅವರು ತಲೆಯಾಡಿಸಿ, ಕೇಳಿಸಿಕೊಂಡು, ಮರುದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದು ಪೆಟ್ಟಿಗೆ ಮುಂದೆ ಕುರ್ಚಿ ಹಾಕಿಕೊಂಡರು. "ಏನಪ್ಪಾ ಸುಬ್ಬರಾಯ, ಇವತ್ತಾದ್ರೂ ತಿಂತೀಯಾ?" ಹನ್ನೊಂದಕ್ಕೆ ಮತ್ತೆ. ಊಟವಾದ ಮೇಲೆ ಮತ್ತೆ, ಈಗ ಸ್ವಲ್ಪ ಅಪರಾಧಿ ಭಾವದಿಂದ, ಬಾಯಿ ಒರೆಸಿಕೊಂಡು. ಸಂಜೆ ದೀಪ ಹಚ್ಚಿ ಇನ್ನೊಂದು ಸಲ. ಗಾಜಿಗೆ ಮೂಗು ತಾಗಿಸಿ, ಬಿಲದ ಬಾಗಿಲಿಗೆ ಮೊಬೈಲ್ ಟಾರ್ಚು ಹಾಕಿ "ಎಷ್ಟು ಸೊರಗಿದಾನೆ ನೋಡು" ಅನ್ನುತ್ತಿದ್ದರು. ಸುಬ್ಬರಾಯ ಸೊರಗಿರಲಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಡಬ್ಬಿ ಸಮೇತ ತೂಗಿ, ಡಬ್ಬಿ ಕಳೆದು ನೋಡಿದರೆ 896 ಗ್ರಾಂ. ಹತ್ತರಲ್ಲಿ ಒಂದು ಪಾಲು ತೂಕ ಇಳಿದರೆ ಡಾಕ್ಟರ ಹತ್ತಿರ ಓಡಬೇಕು, ಅದೂ ಹಾವು ನೋಡುವ ಡಾಕ್ಟರು. ನಾಲ್ಕು ಗ್ರಾಮಿಗಲ್ಲ. (ತಕ್ಕಡಿಯೂ ಬೇರೆ ಕೊಳ್ಳಿ, ಹಾವಿನ ಮೈಯಿಂದ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ರೋಗಾಣು ಬರುತ್ತದೆ. ಐದು ವರ್ಷದೊಳಗಿನ ಮಗುವಿರುವ ಮನೆಗೆ ಹಾವೇ ಬೇಡ.) ಅಜ್ಜಿ ತಕ್ಕಡಿಯನ್ನು ನಂಬಲಿಲ್ಲ. "ಮುಖದಲ್ಲಿ ಕಳೆ ಇಲ್ಲ" ಅಂದರು.

ಹೆಬ್ಬಾವಿನ ಮುಖದಲ್ಲಿ ಕಳೆ!

ಹತ್ತು ದಿನಕ್ಕೊಮ್ಮೆ ಊಟದ ಪ್ರಯತ್ನ ನಡೆಯುತ್ತಿತ್ತು. ಇಲಿಯನ್ನು ಹಿಂದಿನ ರಾತ್ರಿಯೇ ಗ್ಯಾರೇಜಿನಲ್ಲಿ ಕವರಿನೊಳಗೆ ಐಸ್‌ ಡಬ್ಬಿಯಲ್ಲಿಟ್ಟು ನಿಧಾನ ಕರಗಿಸಿ, ಬೆಚ್ಚನೆ ನೀರಿನಲ್ಲಿ ಕಾಲು ಗಂಟೆ ಇಟ್ಟು, ತಲೆಯನ್ನು ಮಾತ್ರ ಇನ್ನೊಂದಿಷ್ಟು ಬಿಸಿ ಮಾಡಬೇಕು. ತುಟಿಯ ಮೇಲಿನ ಗುಳಿಗಳಿಂದ ಈ ಹಾವು ಕಾವನ್ನು ಕಾಣುತ್ತದೆ. ತಣ್ಣಗಿನ ಇಲಿ ಅದರ ಪಾಲಿಗೆ ಕಲ್ಲು. ಮೈಕ್ರೋವೇವ್‌ನಲ್ಲಿ ಮೂವತ್ತು ಸೆಕೆಂಡು ಸಾಲದೇ ಎಂದು ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ. ಸಾಲುತ್ತದೆ. ಇಲಿ ಸಿಡಿಯುತ್ತದೆ, ಆಮೇಲೆ ಮೈಕ್ರೋವೇವ್ ಬಿಸಾಡಬೇಕು, ವಾಸನೆ ಹೋಗದಿದ್ದರೆ ಮನೆಯನ್ನೂ ಮಾರಬೇಕು. ಬಿಸಿಯಾದ ಇಲಿಯನ್ನು ಒರೆಸಿ, ಒಂದಡಿ ಉದ್ದದ ಚಿಮುಟದಲ್ಲಿ ಹಿಡಿದು, ದೀಪ ಆರಿಸಿ, ಬಿಲದ ಬಾಯಲ್ಲಿ ಮೆಲ್ಲಗೆ ಆಡಿಸಬೇಕು. ಆಗ ಕೋಣೆಯಲ್ಲಿ ಯಾರೂ ಇರಬಾರದು.

ಅಜ್ಜಿ ಇರುತ್ತಿದ್ದರು. ಬಾಗಿಲ ಹಿಂದೆ ನಿಂತು ಪಿಸುಗುಟ್ಟುತ್ತಿದ್ದರು: "ತಿಂದ್ನಾ?" ಅರ್ಧ ನಿಮಿಷ ಬಿಟ್ಟು "ತಿಂದ್ನೇನೋ?" ಇಲಿ ಯಾವ ಜಾತಿಯದಾದರೂ ಆಗಲಿ, ಹಸಿದವನ ಮುಂದೆ ಮಡಿ ಮಾತಾಡಬಾರದು ಎಂಬ ತೀರ್ಮಾನಕ್ಕೆ ಅವರು ಮೂರನೇ ಪ್ರಯತ್ನದ ಹೊತ್ತಿಗೇ ಬಂದಿದ್ದರು. ಹಾವು ಮೂತಿ ಒಳಕ್ಕೆಳೆದುಕೊಂಡಿತು. ಬಿಲದ ಬಾಯಲ್ಲಿ ಬಿಟ್ಟ ಇಲಿ ಬೆಳಿಗ್ಗೆಯೂ ಅಲ್ಲೇ. ಅದನ್ನು ಮತ್ತೆ ಫ್ರೀಜ್ ಮಾಡುವಂತಿಲ್ಲ, ಕಸಕ್ಕೆ. ನಾಲ್ಕು ಡಾಲರ್. "ಅನ್ನ ಚೆಲ್ಲಿದ ಹಾಗೆ" ಎಂದು ಅಜ್ಜಿ ನಿಟ್ಟುಸಿರಿಟ್ಟರು.

ಸುಬ್ಬರಾಯನ ಷಷ್ಠಿಯ ದಿನ ಪೆಟ್ಟಿಗೆಯೊಳಗೆ ಪುಟ್ಟ ಬೆಳ್ಳಿ ಬಟ್ಟಲಲ್ಲಿ ಹಾಲು, ಪಕ್ಕದಲ್ಲಿ ಒಂದು ತಂಬಿಟ್ಟು. ಹಾವು ಹಾಲು ಕುಡಿಯುವುದಿಲ್ಲ ಎಂದು ಮೊಮ್ಮಗ ಇಂಗ್ಲಿಷಿನಲ್ಲಿ ಚೀರಿದ. "ನನಗೂ ಗೊತ್ತು ಕಣೋ" ಎಂದರು ಅಜ್ಜಿ, "ಹಬ್ಬದ ದಿನ ಇಡದೆ ಇರಕ್ಕಾಗತ್ತಾ?" ಸುಬ್ಬರಾಯ ಹೊರಬಂದು, ಹಾಲಿನ ಬಟ್ಟಲನ್ನು ಮೂತಿಯಿಂದ ತಳ್ಳಿ ಮಗುಚಿ, ತಂಬಿಟ್ಟಿನ ಮೇಲೆ ಹರಿದು ಹೋಯಿತು. ತೆಂಗಿನ ನಾರಿಗೆ ಹಾಲು ಬಿದ್ದು ಎರಡು ದಿನದಲ್ಲಿ ಹುಳಿತು, ಬೂಷ್ಟು ಹಿಡಿಯಿತು, ಪೆಟ್ಟಿಗೆಯನ್ನೆಲ್ಲ ಖಾಲಿ ಮಾಡಿ ತೊಳೆಯಬೇಕಾಯಿತು.

ಜನವರಿಯಲ್ಲಿ ಕಣ್ಣು ಹಾಲು ಹಾಲಾಗಿ, ನೀಲಿ ತಿರುಗಿತು. ಪೊರೆ ಬಿಡುವ ಕಾಲ, ಆಗಂತೂ ಊಟದ ಮಾತೇ ಇಲ್ಲ. ಮನೆಯ ಹೀಟರು ಗಾಳಿಯ ತೇವವನ್ನೆಲ್ಲ ಹೀರಿಕೊಂಡಿದ್ದರಿಂದ ಪೆಟ್ಟಿಗೆಯಲ್ಲಿ ತೇವಾಂಶ ಶೇಕಡಾ 35. ಬೇಕಾದದ್ದು 60ರ ಮೇಲೆ, ಪೊರೆಯ ಹೊತ್ತಿಗೆ 70-80. ಹೀಗಾದರೆ ಪೊರೆ ಕಾಲುಚೀಲದಂತೆ ಇಡಿಯಾಗಿ ಕಳಚುವುದಿಲ್ಲ, ಹಪ್ಪಳದ ಚೂರಾಗಿ ಮೈಗೆ ಅಂಟುತ್ತದೆ. ಬಾಲದ ತುದಿಯಲ್ಲಿ ಉಂಗುರದಂತೆ ಉಳಿದರೆ ರಕ್ತ ನಿಂತು ತುದಿಯೇ ಒಣಗಿ ಹೋಗಬಹುದು. ಗಾಳಿ ಆಡುವ ಡಬ್ಬಿಯಲ್ಲಿ ಉಗುರುಬೆಚ್ಚನೆ ನೀರಲ್ಲಿ ಹಿಂಡಿದ ಟವೆಲ್ ಹಾಕಿ ಅರ್ಧ ಗಂಟೆ ಬಿಟ್ಟರೆ ಉಜ್ಜಿಕೊಂಡು ತಾನೇ ಕಳಚಿಕೊಳ್ಳುತ್ತದೆ. ಕಣ್ಣಿನ ಮೇಲಿನ ಪೊರೆ ಉಳಿದರೆ ಕೈ ಹಾಕಬಾರದು, ಡಾಕ್ಟರೇ ತೆಗೆಯಲಿ. ಕಳಚಿದ್ದನ್ನು ಅಜ್ಜಿ ಮಡಿಸಿ ತಮ್ಮ ಸೀರೆಯ ಪೆಟ್ಟಿಗೆಯಲ್ಲಿಟ್ಟುಕೊಂಡರು.

ಅದೇ ಡಬ್ಬಿಯ ಮುಚ್ಚಳ ಸರಿಯಾಗಿ ಹಾಕದೆ ಒಂದು ರಾತ್ರಿ ಹಾವು ನಾಪತ್ತೆ. ಹೊಸಬರು ತೋಟವೆಲ್ಲ ಹುಡುಕುತ್ತಾರೆ. ಬೇಡ, ಮೊದಲು ಅದೇ ಕೋಣೆ, ಗೋಡೆಯ ಅಂಚು, ಬೆಚ್ಚಗಿನ ಕತ್ತಲ ಸಂದು. ಬಾಗಿಲ ಬಳಿ ಹಿಟ್ಟು ಉದುರಿಸಿಟ್ಟರೆ ಹರಿದ ಗುರುತು ಬೀಳುತ್ತದೆ. ಅಜ್ಜಿಗೆ ಈ ಕೆಲಸ ಯಾರೂ ಹೇಳಿಕೊಡಬೇಕಾಗಲಿಲ್ಲ. ಅಕ್ಕಿಹಿಟ್ಟಿನಲ್ಲಿ ಬಾಗಿಲು ಬಾಗಿಲಿಗೂ ಎಳೆ ಎಳೆದರು, ಕೈ ತಡೆಯದೆ ಒಂದೆರಡು ಕಡೆ ರಂಗೋಲಿಯೂ ಆಯಿತು. ಬೆಳಿಗ್ಗೆ ನೋಡಿದರೆ ಎಂಟೆಳೆ ಪದ್ಮದ ನಡುವೆ ಒಂದು ಅಂಕುಡೊಂಕು ಗೆರೆ, ನೇರ ಫ್ರಿಜ್ಜಿನ ಹಿಂದಕ್ಕೆ.

ಇದನ್ನೆಲ್ಲ ವಿಡಿಯೊದಲ್ಲಿ ನೋಡಿದ ಬೆಂಗಳೂರಿನ ನೆಂಟರು ತಮಗೂ ಒಂದು ಬೇಕು ಅಂದರಂತೆ. ಭಾರತದಲ್ಲಿ ಅದಕ್ಕೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಬೇಕು, ಆಮದಿನ ಕಾಗದಪತ್ರ ಬೇಕು. 2023ರ ಸೆಪ್ಟೆಂಬರಿನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಲಗೇಜಿನೊಳಗೆ ಸಿಕ್ಕಿದ್ದು 55 ಬಾಲ್ ಪೈತಾನ್. ಸೂಟ್‌ಕೇಸಿನಲ್ಲಿ ಚೆಂಡಾಗಿ ಕೂತು ಯಾವುದನ್ನು ಕಾಯುತ್ತಿದ್ದವೋ.

ಇವು ಇಪ್ಪತ್ತು ಮೂವತ್ತು ವರ್ಷ ಬದುಕುತ್ತವೆ. ಸೇಂಟ್ ಲೂಯಿಸ್ ಮೃಗಾಲಯದ ಒಂದು ಹೆಣ್ಣು ಅರವತ್ತು ದಾಟಿದ ಮೇಲೆ, ಹದಿನೈದು ವರ್ಷ ಗಂಡಿನ ಮುಖ ನೋಡದೆ, 2020ರಲ್ಲಿ ಏಳು ಮೊಟ್ಟೆಯಿಟ್ಟಿತು. ಹನ್ನೆರಡು ವರ್ಷದ ಮೊಮ್ಮಗ ಕಾಲೇಜಿಗೆ ಹೋಗುತ್ತಾನೆ, ಕೆಲಸಕ್ಕೆ ಹೋಗುತ್ತಾನೆ, ಹಾವು ಪೆಟ್ಟಿಗೆಯಲ್ಲೇ ಇರುತ್ತದೆ. ಅಜ್ಜಿ ಇದನ್ನು ಲೆಕ್ಕ ಹಾಕಿದರು. ತಮ್ಮ ವಯಸ್ಸಿನ ಜೊತೆ ಕೂಡಿಸಿ ನೋಡಿ, "ನಾನಿಲ್ದಿದ್ರೂ ಇವನಿರ್ತಾನೆ ಅನ್ನು" ಎಂದು ಸುಮ್ಮನಾದರು.

ಮಾರ್ಚ್ ಕೊನೆಗೆ ಅಜ್ಜಿ ಹೊರಟರು. ವಿಮಾನ ಹತ್ತುವ ಮುಂಚೆ ಗಾಜಿನ ಮುಂದೆ ನಿಂತು ಹೇಳಿದ್ದು ಒಂದೇ ಮಾತು, "ಹೊಟ್ಟೆ ಕಾಯಿಸ್ಬೇಡ ಕಣಪ್ಪ." ಕುರ್ಚಿ ಎತ್ತಿಟ್ಟರು. ಕೋಣೆ ನಿಶ್ಶಬ್ದವಾಯಿತು. ಮೂರನೇ ರಾತ್ರಿ ಮೊಮ್ಮಗ ಚಿಮುಟ ಒಡ್ಡುವುದಕ್ಕೂ ಸುಬ್ಬರಾಯ ಚಿಮ್ಮಿ ಹಿಡಿಯುವುದಕ್ಕೂ ಸರಿಹೋಯಿತು. ಇಪ್ಪತ್ತು ನಿಮಿಷದಲ್ಲಿ ಬಾಲದ ತುದಿಯೂ ಕಾಣದಂತಾಯಿತು.

ಮೈಸೂರಿನಲ್ಲಿ ಆಗ ಬೆಳಿಗ್ಗೆ. ವಿಡಿಯೊ ಕಾಲ್‌ನಲ್ಲಿ ಉಬ್ಬಿದ ಹೊಟ್ಟೆ ತೋರಿಸಿದರೆ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದರು. ನೋಡಿ, "ಒಂದೇನಾ ಹಾಕಿದ್ದು?" ಅಂದರು.