ಕಾದಂಬರಿಯೊಳಗೆ ಯಾರೂ ದುಡಿಯುವುದಿಲ್ಲ

ಬಾಗಲಕೋಟೆ ನವನಗರದಲ್ಲಿ ಇವತ್ತು ಒಂದು ಕಾದಂಬರಿ ಬಿಡುಗಡೆಗೆ ಹೋಗಿ ಬಂದೆ. ತಲೆ ಕೆಟ್ಟಿದೆ, ಅದಕ್ಕೇ ಬರೆಯುತ್ತಿದ್ದೇನೆ. "ನೇಕಾರರ ಬದುಕಿನ ಮಹಾಕಾವ್ಯ" ಅಂತ ಮುಖ್ಯ ಅತಿಥಿಗಳು ಮುಕ್ಕಾಲು ತಾಸು ಹೊಗಳಿದರು. ಅವರ ಕೈಯಲ್ಲಿದ್ದ ಪ್ರತಿಯ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದವು. ನನಗೆ ಪುಸ್ತಕ ಮೊದಲೇ ಬಂದಿತ್ತು, ಓದಿಕೊಂಡೇ ಹೋಗಿದ್ದೆ. ಅದೇ ತಾಪತ್ರಯ.

ಕಥೆ ಇಳಕಲ್ಲಿನದು. ನಾಯಕಿ ನೇಕಾರರ ಮನೆ ಹುಡುಗಿ. ಬೆಳದಿಂಗಳ ರಾತ್ರಿ ಮಗ್ಗಕ್ಕೆ ಕೂತವಳು ಬೆಳಗಾಗುವುದರೊಳಗೆ ಒಂದು ಸೀರೆ ನೇಯ್ದು ಗೆಳೆಯನ ತಂಗಿಗೆ ಉಡಿಸುತ್ತಾಳೆ. ಒಂದೇ ರಾತ್ರಿ! ಕೈಮಗ್ಗದಲ್ಲಿ ಇಳಕಲ್ ಸೀರೆಗೆ ಹತ್ತಿರ ಹತ್ತಿರ ಒಂದು ವಾರ ಬೇಕು. ನಾನು ನೇಕಾರರ ಮನೆಯಲ್ಲೇ ಬೆಳೆದವನು. ಆ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಹಾಸಿನ, ಅಂದ್ರೆ ಉದ್ದಕ್ಕೆ ಹಾಸಿದ, ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನ ಕೊಂಡಿ ಹಾಕಿ ಹಾಕಿ ಕೂಡಿಸಬೇಕು. ಅವ್ವ ಆ ಕೆಲಸಕ್ಕೆ ಕೂತರೆ ನಾವು ಹುಡುಗರು ಹತ್ತಿರ ಸುಳಿಯುವ ಹಾಗಿರಲಿಲ್ಲ. ಕಾದಂಬರಿಯಲ್ಲಿ ಕೊಂಡಿ ಇಲ್ಲ, ಕಂಡಿಕೆಗೆ ನೂಲು ಸುತ್ತುವ ಮುದುಕಿ ಇಲ್ಲ, ನೂಲು ಕೊಟ್ಟು ಕೂಲಿ ಮುರಿದುಕೊಳ್ಳುವ ಸಾವುಕಾರನೂ ಇಲ್ಲ. ಬೆಳದಿಂಗಳಿಗೆ ಮಾತ್ರ ಬರ ಇಲ್ಲ.

ಇದೊಂದೇ ಆಗಿದ್ದರೆ ಸುಮ್ನೆ ಇರುತ್ತಿದ್ದೆ. ಈ ವರ್ಷ ಕೈಗೆ ಸಿಕ್ಕ ಹೊಸ ಕಾದಂಬರಿಗಳದ್ದೆಲ್ಲ ಇದೇ ಹಣೆಬರಹ. ಒಂದು ಪ್ರೇಮ ಕಾದಂಬರಿಯ ನಾಯಕ ಸಾಫ್ಟ್‌ವೇರ್ ಇಂಜಿನಿಯರ್. ಇಡೀ ಪುಸ್ತಕದಲ್ಲಿ ಒಮ್ಮೆಯೂ ಲ್ಯಾಪ್‌ಟಾಪ್ ತೆರೆಯುವುದಿಲ್ಲ. ಕಾಫಿ ಕುಡಿಯುತ್ತಾನೆ, ಮಳೆ ನೋಡುತ್ತಾನೆ. ಸಂಬಳ ತಪ್ಪದೆ ಬರುತ್ತದೆ. ಪುಣ್ಯವಂತ.

ಐತಿಹಾಸಿಕದ್ದು ಇನ್ನೂ ಮಜಾ. ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದ ಪ್ರೇಮಿಗಳು ಗೋಳಗುಮ್ಮಟದಲ್ಲಿ ಪಿಸುಗುಡುತ್ತಾರೆ. ಆತ ತೀರಿಕೊಂಡಿದ್ದು 1627ರಲ್ಲಿ, ಗುಮ್ಮಟ ಅವನ ನಂತರ ಆಳಿದ ಮಗ ಮಹಮ್ಮದನ ಗೋರಿ. ಹೋಗಲಿ ಬಿಡಿ, ಪ್ರೀತಿಗೆ ಇಸವಿ ಯಾಕೆ! ನನ್ನ ಸಿಟ್ಟು ಬೇರೆ. ಅಷ್ಟು ದೊಡ್ಡ ವಿಜಯಪುರದಲ್ಲಿ ಒಬ್ಬರಿಗೂ ನೀರಡಿಕೆ ಆಗುವುದಿಲ್ಲ. ಅಲ್ರೀ, ಪಕ್ಕದ ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದ ಜನ ಅವರು. ನೀರಿನ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಅನ್ನುವ ನೀರಿನ ಗೋಪುರಗಳು ಇವತ್ತಿಗೂ ಊರೊಳಗೆ ನಿಂತಿವೆ. ಇದೇ ಇಬ್ರಾಹಿಂ 1599ರಲ್ಲಿ ತೊರವಿ ಹತ್ತಿರ ನವರಸಪುರ ಅಂತ ಹೊಸ ಊರನ್ನೇ ಕಟ್ಟಿಸಲು ಹೊರಟ. ಗಾರೆ ಕಲೆಸಿದವರು ಯಾರು? ಸುರಂಗದ ಹೂಳು ತೆಗೆಯಲು ಇಳಿದವನ ಹೆಂಡತಿ ಮೇಲೆ ಕೂತು ಏನು ಮಾಡುತ್ತಿದ್ದಳು? ಅಲ್ಲಿ ಒಂದು ಕಾದಂಬರಿ ಇದೆ ಅಲ್ವಾ? ನಮ್ಮ ಲೇಖಕರಿಗೆ ಅತ್ತರಿನ ಘಮವೇ ಸಾಕು.

"ಕಾದಂಬರಿ ಅಂದ್ರೆ ಇಲಾಖೆ ವರದಿ ಅಲ್ಲ ಸರ್, ಭಾವನೆ ಮುಖ್ಯ" ಅಂತ ಚಹಾ ಕುಡಿಯುವಾಗ ಒಬ್ಬ ಹುಡುಗ ನನಗೆ ಬುದ್ಧಿ ಹೇಳಿದ. ಕವಿಯಂತೆ. ಆಯ್ತು ತಮ್ಮಾ, ವರದಿ ಬೇಡ. ಆದರೆ ದಿನವಿಡೀ ಕುಣಿಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತವಳ ಭಾವನೆ ಅವಳ ಸೊಂಟನೋವು ಬಿಟ್ಟು ಬೇರೆಲ್ಲೋ ಇರುತ್ತದಾ? ಸೊಂಟ ನೋಯುವಾಗಿನ ಪ್ರೀತಿ ಹೇಗಿರುತ್ತದೆ, ಅದನ್ನ ಬರೀರಿ ಅಂದೆ. ಅವನು ಉಪ್ಪಿಟ್ಟಿನ ಕಡೆ ಹೋದ.

ಮೆಚ್ಚಿದ್ದೂ ಒಂದಿದೆ, ನಗಬೇಡಿ. ಪತ್ತೇದಾರಿ ಕಾದಂಬರಿ. ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆ, ಒಂದು ಕೊಲೆ. ಮುಖಪುಟದ ಮೇಲೆ ರಕ್ತವೋ ರಕ್ತ. ಆದರೆ ನಡುವೆ ನಾಲ್ಕು ಪುಟ ಇವೆ. ನಡುರಾತ್ರಿ, ಲೋಡು ತೂಗುವ ಕಾಟಾದ ಮುಂದೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಕಬ್ಬು ಒಣಗುತ್ತಿದೆ, ತೂಕ ಇಳಿಯುತ್ತಿದೆ, ಪಾಳಿ ಬಂದಿಲ್ಲ. ಡ್ರೈವರ್ ತನ್ನ ಬುತ್ತಿ ಡಬ್ಬಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನ ಮುಂದಿನ ಟ್ರೇಲರ್‌ಗೆ ಬಿಗಿದು ಮಲಗುತ್ತಾನೆ. ಮುಂದಿನ ಗಾಡಿ ಸರಿದರೆ ಡಬ್ಬಿ ಸದ್ದಾಗಿ ಎಚ್ಚರ ಆಗಬೇಕು. ಇಲ್ಲದಿದ್ದರೆ ಹಿಂದಿನವನು ನುಗ್ಗುತ್ತಾನೆ.

ಓದಿ ಕಣ್ಣೀರು ಹಾಕುವ ಪೈಕಿ ನಾನಲ್ಲ. ಆ ಡಬ್ಬಿ ಓದಿದ ಮೇಲೆ ಮಾತ್ರ ಪುಸ್ತಕ ಮಡಚಿಟ್ಟು ಹೊರಗೆ ಹೋಗಿ ನಿಂತೆ. ಈ ಲೇಖಕ ಒಂದು ರಾತ್ರಿಯಾದರೂ ಕಾಟಾದ ಹತ್ತಿರ ನಿಂತಿದ್ದಾನೆ. ಅವನಿಗೆ ಯಾರೂ ಶಾಲು ಹೊದಿಸುವುದಿಲ್ಲ, ಮಹಾಕಾವ್ಯ ಅನ್ನುವುದೂ ಇಲ್ಲ.

ಬೇಕಾದವರು ಹೇಳಿ, ಪುಸ್ತಕ ಕೊಡುತ್ತೇನೆ. ಓದಿ ವಾಪಸ್ ಕೊಡಬೇಕು, ಹಿಂದಿನ ಅನುಭವ ಚೆನ್ನಾಗಿಲ್ಲ. ಕೊಲೆ ಮಾಡಿದವರು ಯಾರು ಅಂತ ಇಪ್ಪತ್ತನೇ ಪುಟಕ್ಕೇ ಗೊತ್ತಾಗುತ್ತದೆ, ಅದಕ್ಕೆ ನನ್ನ ಜೊತೆ ಜಗಳಕ್ಕೆ ಬರಬೇಡಿ.